ತಗಡಿನ ಮೇಲಿನ ಅಂಗೈ

"ಕಿವಿ ಕೇಳಿಸದೋಳಿಗೆ ಫೋನ್ ಯಾಕೆ ಅಂತ ಕೇಳ್ತಾರಲ್ಲ, ಕಿವಿ ನೆಟ್ಟಗಿರೋ ಹೆಂಡ್ತೀರಿಗೆ ಇವರು ಇಲ್ಲೀವರೆಗೆ ಏನು ಮಹಾ ಹೇಳಿದ್ದಾರೆ?"

ಪ್ರಶ್ನೆ ಯಾರಿಗೂ ಅಲ್ಲ. ಎದುರಿಗಿದ್ದದ್ದು ಸಮುದ್ರದ ನೀರೆತ್ತುವ ಪಂಪು. ಅದಕ್ಕೆ ಅದರದೇ ಏದುಸಿರು. ಆಚೀಚೆ ಎರಡು ಎಂಜಿನ್‌ಗಳು ಎದೆಗೂಡು ಅದುರುವ ಹಾಗೆ ಗುಡುಗುತ್ತಿದ್ದವು. ಯುದ್ಧನೌಕೆಯ ಹೊಟ್ಟೆಯೊಳಗಿನ ಈ ಕೋಣೆಯಲ್ಲಿ ಎಲ್ಲರ ಕಿವಿಗೂ ದಪ್ಪ ಮುಚ್ಚಳ. ಕೂಗಿದವನ ಕೂಗು ಅವನ ದವಡೆಯ ಮೂಳೆಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯದು. ಅದಕ್ಕೇ ಸಿಟ್ಟು ಬಂದವರು ಇಲ್ಲಿಗಿಳಿದು ಬಂದು ಮನಸಾರೆ ಬೈದು ಹಗುರಾಗಿ ಹೋಗುವುದಿತ್ತು. ಪುರಾಣ ಮಾತ್ರ ಒಂದು ದಿನಕ್ಕೂ ಬಾಯಿ ಬಿಟ್ಟು ಬೈದವನಲ್ಲ. ಇವತ್ತು ಪಂಪಿನ ಮುಂದೆ ನಿಂತು ಅದನ್ನೇ ಮತ್ತೆ ಮತ್ತೆ ಕೇಳಿದ. ಹಗುರಾಗಲಿಲ್ಲ.

ಪುರಾಣ ಎನ್ನುವುದು ಹಡಗಿನವರು ಇಟ್ಟ ಹೆಸರು. ಎಂಜಿನ್ ಕೋಣೆಯ ಈ ಮೆಕ್ಯಾನಿಕ್ಕಿನ ಕೈ ಕೆಲಸದಲ್ಲಿದ್ದರೆ ತುಟಿ ಪದ್ಯದಲ್ಲಿರುತ್ತಿತ್ತು. ಚಿಕ್ಕಂದಿನಲ್ಲಿ ಅವನ ಅಮ್ಮ ಬಟ್ಟೆ ಒಗೆಯುತ್ತ, ನೆಲ ಒರೆಸುತ್ತ, ಹಳೆಯ ಕಾವ್ಯದ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದಳು. ಕೆಲಸ ಮುಗಿಸಿ ಆಕೆ ಕೂತರೆ ಇವನು ಅವಳ ಬೆನ್ನಿಗೆ ಕೆನ್ನೆ ಒತ್ತಿ ಕೂರುವನು. ಪದ್ಯ ಬಾಯಿಂದ ಹೊರಡುವ ಮೊದಲೇ ಬೆನ್ನಿನಲ್ಲಿ ಬಂದು ತಟ್ಟುತ್ತಿತ್ತು. ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಡೆ ಮಾತ್ರ ಅಂದೇ ಮೈಗೆ ಹತ್ತಿತು. ದೊಡ್ಡವನಾಗಿ ನೌಕಾಪಡೆ ಸೇರಿದ ಮೇಲೂ ಅವನು ಮಾತು ಕಡಿಮೆ, ಕೇಳಿಸಿಕೊಳ್ಳುವುದೇ ಹೆಚ್ಚು. ಹಾಸಿಗೆಯ ಪಕ್ಕದ ಕಪಾಟಿನ ಬಾಗಿಲಿಗೆ ಒಳಗಡೆ ದೇವರ ಚಿತ್ರ ಅಂಟಿಸಿಕೊಂಡಿದ್ದ. ಬೆಳಿಗ್ಗೆ ಎದ್ದು ಆ ಬಾಗಿಲು ತೆರೆದು ಒಂದು ಗಳಿಗೆ ಸುಮ್ಮನೆ ನಿಲ್ಲುವನು. ಏನನ್ನೂ ಬೇಡುವುದಿಲ್ಲ. ಹಾಜರಿ ಹಾಕಿದ ಹಾಗೆ.

ಅವನಿಗೆ ಸಿಟ್ಟು ಬರಿಸಿದ್ದು ಒಂದು ಹಿತ್ತಾಳೆ ಬಿಲ್ಲೆ.

ಹಡಗಿನಲ್ಲಿ ಸ್ವಂತ ಫೋನುಗಳಿಗೆ ಬೀಗ. ಮನೆಗೆ ಮಾತಾಡಲು ನಾವಿಕರಿಗೆಲ್ಲ ಇರುವುದು ಒಂದೇ ಉಪಗ್ರಹ ಫೋನು, ರೇಡಿಯೋ ಕೋಣೆಯ ಪಕ್ಕದ ಗೂಡಿನಲ್ಲಿ. ಗೂಡಿನ ಬಾಗಿಲಿನಿಂದ ಶುರುವಾಗಿ ಗೋಡೆಯುದ್ದಕ್ಕೂ ಮೊಳೆಗಳ ಸಾಲು. ಒಬ್ಬೊಬ್ಬ ನಾವಿಕನದು ಒಂದೊಂದು ಬಿಲ್ಲೆ, ಒಂದೊಂದು ಮೊಳೆಗೆ. ಬಾಗಿಲ ಮೊಳೆಯಲ್ಲಿ ಯಾರ ಬಿಲ್ಲೆ ಇದೆಯೋ ಸರದಿ ಅವನದು. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಸಾಲಿನ ಬಾಲದ ಮೊಳೆಗೆ ಹಾಕಬೇಕು, ಉಳಿದವರು ತಂತಮ್ಮದನ್ನು ಒಂದೊಂದು ಮೊಳೆ ಮುಂದಕ್ಕೆ ಸರಿಸಿಕೊಳ್ಳಬೇಕು. ಯಾರಾದರೂ ಗೆಳೆಯನಿಗೆ ಸರದಿ ಬಿಟ್ಟುಕೊಡುವುದಾದರೆ ತನ್ನ ಕೈಯಾರೆ ಬಿಲ್ಲೆ ತೆಗೆದು ಅವನ ಅಂಗೈಗೆ ಇಡಬೇಕು. ಇನ್ನೊಬ್ಬನ ಬಿಲ್ಲೆ ಮುಟ್ಟುವುದು ಮಾತ್ರ ಇಲ್ಲವೇ ಇಲ್ಲ. ಇದನ್ನು ಯಾವ ಅಧಿಕಾರಿಯೂ ಬರೆದು ಅಂಟಿಸಿರಲಿಲ್ಲ. ಚಂಡಮಾರುತದಲ್ಲಿ ಹಡಗು ಮಗ್ಗುಲಾಗಿ ಬಿಲ್ಲೆಗಳೆಲ್ಲ ನೆಲಕ್ಕೆ ಚೆಲ್ಲಿದಾಗಲೂ ಜನ ಮಂಡಿಯೂರಿ ಕೂತು ತಂತಮ್ಮದನ್ನೇ ಹುಡುಕಿಕೊಂಡಿದ್ದರು. ಪಕ್ಕದವನದು ಕಣ್ಣೆದುರೇ ಬಿದ್ದಿದ್ದರೂ "ಇಲ್ಲಿದೆ ನೋಡೋ" ಎಂದು ಬೆರಳು ತೋರಿಸಿದ್ದರೇ ಹೊರತು ಎತ್ತಿಕೊಟ್ಟಿರಲಿಲ್ಲ.

ನಿನ್ನೆ ಸಂಜೆ ಪುರಾಣನ ಬಿಲ್ಲೆ ಬಾಗಿಲಿನಿಂದ ಎರಡನೆಯ ಮೊಳೆಯಲ್ಲಿತ್ತು. ಅವನೇ ಸರಿಸಿದ್ದ, ಸರಿಸಿ ಬೆರಳಿಂದ ಒಮ್ಮೆ ಒರೆಸಿದ್ದ. ಇವತ್ತು ಬೆಳಿಗ್ಗೆ ನೋಡಿದರೆ ಅದು ಬಾಲದ ಮೊಳೆಯಲ್ಲಿ. ಅವನ ಜಾಗದಲ್ಲಿ ಉಗ್ರಾಣದವನ ಬಿಲ್ಲೆ, ಏನೂ ಅರಿಯದ ಮಗುವಿನ ಹಾಗೆ ತೂಗಾಡುತ್ತಿತ್ತು. ಬೇರೆ ವಾರವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಈ ಸಂಜೆಯಿಂದ, ಎಲ್ಲಿದೆಯೆಂದು ಹೊರಗೆ ತಿಳಿಯದಿರಲೆಂದು, ಹಡಗಿಗೆ ಮೌನ. ಸೂರ್ಯ ಮುಳುಗುತ್ತಲೇ ಫೋನು ಬಂದ್, ದೀಪವೂ ಮಂದ. ಮತ್ತೆ ಯಾವಾಗ ಎಂದು ಕಪ್ತಾನನಿಗೇ ಗೊತ್ತಿರಲಿಲ್ಲವೋ ಏನೋ, ಉಳಿದವರಿಗಂತೂ ಯಾರೂ ಹೇಳುವುದಿಲ್ಲ.

ಅವನು ಬಿಲ್ಲೆಯನ್ನೇ ನೋಡುತ್ತ ನಿಂತಿದ್ದಾಗ ಉಗ್ರಾಣದವನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದ.

"ಪುರಾಣ, ಬೇಜಾರು ಮಾಡ್ಕೋಬೇಡ ಕಣೋ. ನಾನೇನು ಮುಟ್ಟಿಲ್ಲ, ದೇವರಾಣೆ. ಉಪನಾಯಕರೇ ಕೈಯಾರೆ ಹಾಕಿದ್ದು."

"ನೀನೇನು ಹೇಳಿದೆ ಅವರಿಗೆ?"

"ಇದ್ದದ್ದು ಹೇಳಿದೆ. ಹೋದ ಸಲ ಹೆಂಡ್ತಿ ಜೊತೆ ಗೋಡೆಗೆ ಯಾವ ಬಣ್ಣ ಬಳೀಬೇಕು ಅಂತ ಜಗಳ ಆಯ್ತಲ್ಲ, ನೀನೂ ಕೇಳಿಸ್ಕೊಂಡಿರ್ತೀಯ."

ಕೇಳಿಸಿಕೊಳ್ಳದವರು ಯಾರಿದ್ದರು? ಆ ದಿನ ಗೂಡಿನ ಬಾಗಿಲು ಮುಚ್ಚಿದ್ದರೂ "ಹಸಿರಾದ್ರೆ ನಾನು ಆ ಮನೆಗೆ ಕಾಲಿಡಲ್ಲ!" ಎಂಬ ಕೂಗು ಅಡುಗೆಮನೆಯವರೆಗೆ ಬಂದಿತ್ತು.

"ಅವಳು ಫೋನ್ ಕುಕ್ಕಿಬಿಟ್ಟಳು. ಮೌನಕ್ಕೆ ಮುಂಚೆ ಒಂದು ಮಾತಾಡಿ ಸಮಾಧಾನ ಮಾಡ್ಬೇಕು ಮಾರಾಯ. ನೀನೇ ಯೋಚ್ನೆ ಮಾಡು, ನಿನ್ನ ಹೆಂಡ್ತಿ ಮಾತಾಡಲ್ಲ, ನನ್ನ ಹೆಂಡ್ತಿ ಮಾತು ಬಿಟ್ಟಿದ್ದಾಳೆ. ವ್ಯತ್ಯಾಸ ಇಷ್ಟೇ, ನನ್ನದು ರಿಪೇರಿ ಆಗತ್ತೆ."

ಹಾಗೆಂದು ಅವನು ನೊರೆ ನುಂಗಿಕೊಂಡು ನಕ್ಕ. ಕೆಟ್ಟ ಮನುಷ್ಯನೇನಲ್ಲ. ಕೆಟ್ಟ ಮನುಷ್ಯನಾಗಿದ್ದರೆ ಪುರಾಣನಿಗೆ ಇಷ್ಟು ಉರಿಯುತ್ತಲೂ ಇರಲಿಲ್ಲ. ರಿಪೇರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ಏಣಿಯಿಳಿದು ಎಂಜಿನ್ ಕೋಣೆಗೆ ಬಂದ, ಪಂಪಿನ ಮುಂದೆ ನಿಂತ.

ರಿಪೇರಿ ಆಗಬೇಕಾದ್ದು ಏನಿತ್ತು ಅವಳಲ್ಲಿ?

ಅವಳನ್ನು ಮೊದಲು ಕಂಡದ್ದು ಸಮವಸ್ತ್ರ ಹೊಲಿಯುವ ಒಂದು ಕಾರ್ಖಾನೆಯಲ್ಲಿ. ಎಂಜಿನ್ ಕೋಣೆಯ ದಪ್ಪ ಅಂಗಿಯ ತೋಳು ಹರಿದಿತ್ತು, ಕೊಡಲು ಹೋಗಿದ್ದ. ಉದ್ದನೆಯ ಹಜಾರದ ತುಂಬ ಹೊಲಿಗೆ ಯಂತ್ರಗಳ ಕರಕರ. ಮೂಲೆಯ ಯಂತ್ರದಲ್ಲಿ ಕೂತವಳಿಗೆ ಇವನು ಹೇಳಿದ, ಮತ್ತೆ ಹೇಳಿದ. ಅವಳು ಕಿವಿ ತೋರಿಸಿ ತಲೆಯಾಡಿಸಿದಳು. ಇವನು ಒಂದು ಕ್ಷಣವೂ ತಡವರಿಸಲಿಲ್ಲ. ಗದ್ದಲದ ಜಾಗದಲ್ಲಿ ಕೈಯಲ್ಲಿ ಮಾತಾಡುವುದು ಅವನಿಗೆ ದಿನದ ಅನ್ನ. ಹೆಬ್ಬೆರಳು ಮೇಲೆತ್ತಿದರೆ ಒತ್ತಡ ಏರಿಸು, ಅಂಗೈ ಮಲಗಿಸಿದರೆ ನಿಲ್ಲಿಸು, ಎರಡು ಬೆರಳು ಮಡಿಸಿದರೆ ಸೋರುತ್ತಿದೆ. ತೋಳು ಸೋರುತ್ತಿದೆ, ಬೇಗ ನಿಲ್ಲಿಸು ಎಂದು ಅವನು ಕೈ ಆಡಿಸಿದ. ಅವಳಿಗೆ ಆ ಭಾಷೆ ಬರುತ್ತಿರಲಿಲ್ಲ. ಆದರೆ ತನ್ನೆದುರು ಒಬ್ಬ ಗಂಡಸು ಕೂಗದೆ, ಕನಿಕರಪಡದೆ, ಕೈಯೆತ್ತಿ ಮಾತಾಡುತ್ತಿದ್ದಾನೆ ಎಂದು ನೋಡಿ ಯಂತ್ರದ ಮೇಲೆ ಬಗ್ಗಿ ಬಗ್ಗಿ ನಕ್ಕಳು. ಅಂಗಿ ಹೊಲಿಸಿಕೊಂಡು ಹೋದವನು ಮರುವಾರ ಚೆನ್ನಾಗಿದ್ದ ಇನ್ನೊಂದು ತೋಳನ್ನು ತಾನೇ ಹರಿದುಕೊಂಡು ಬಂದ.

ಮದುವೆಯಾದ ಮೇಲೆ ಅವಳು ಅತ್ತೆಯ ಬೆನ್ನು ಕಂಡುಕೊಂಡಳು. ಮುದುಕಿ ಪದ್ಯ ಹೇಳುತ್ತ ಕೂತಿದ್ದಾಗ ಸೊಸೆ ಹಿಂದಿನಿಂದ ಬಂದು ಬೆನ್ನಿಗೆ ಅಂಗೈ ಇಟ್ಟಳು, ಇಟ್ಟವಳು ತೆಗೆಯಲಿಲ್ಲ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಸಾಲು ನಡೆಯುವುದು, ಕೊನೆಯಲ್ಲಿ ಒಂದು ಎಳೆದು ನಿಲ್ಲುವುದು, ಎಲ್ಲವೂ ಅವಳ ಕೈಗೆ ತಿಳಿಯಿತು. "ಏನೋ ಇದು, ನನ್ನ ಮಗನಿಗಿಂತ ನನ್ನ ಸೊಸೆಗೇ ಚೆನ್ನಾಗಿ ಕೇಳಿಸತ್ತಲ್ಲೋ!" ಎಂದು ಅತ್ತೆ ಊರಿಗೆಲ್ಲ ಹೇಳಿಕೊಂಡು ಬಂದಳು. ಪುಸ್ತಕ ತೆರೆದಿಟ್ಟುಕೊಂಡು ಅಕ್ಷರ ಓದುತ್ತ, ಕೈಯಿಂದ ನಡೆ ಹಿಡಿಯುತ್ತ, ಅವಳು ಪದ್ಯಗಳನ್ನು ಮೈಗೂಡಿಸಿಕೊಂಡಳು. ಅತ್ತೆ ಹೋದ ಮೇಲೆ ಆ ಬೆನ್ನಿನ ಬದಲು ಗಂಡನ ಎದೆ.

ಅವನು ಮೊದಲ ಸಲ ದೂರದ ಯಾನಕ್ಕೆ ಹೊರಟಾಗ ಇಬ್ಬರೂ ಕೂತು ಫೋನನ್ನು ಪರೀಕ್ಷೆ ಮಾಡಿದರು. ಮರದ ಹಲಗೆಯ ಮೇಲಿಟ್ಟರೆ ಅವಳ ಅಂಗೈಗೆ ದನಿಯ ಅದುರು ಮಂಕು. ಸ್ಟೀಲ್ ತಟ್ಟೆಯ ಮೇಲಿಟ್ಟರೆ ಬರೀ ಜುಮುಜುಮು. ಕೊನೆಗೆ ಅವಳ ಗುಂಡಿ ಡಬ್ಬಿ ಸಿಕ್ಕಿತು. ಬಿಸ್ಕತ್ತು ಬಂದಿದ್ದ ಹಳೆಯ ತಗಡಿನ ಡಬ್ಬಿ. ಗುಂಡಿಗಳನ್ನೆಲ್ಲ ಸುರಿದು, ಮುಚ್ಚಳದ ಮೇಲೆ ಫೋನು ಮಲಗಿಸಿ, ಅವನು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಇನ್ನೊಂದು ಫೋನಿನಿಂದ ಒಂದು ಪದ್ಯ ಹೇಳಿದ. ಅರ್ಧ ಸಾಲಿಗೆ ನಿಲ್ಲಿಸಿದ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಟುಕ್ ಟುಕ್ ಟುಕ್, ಟುಕ್ ಟುಕ್ ಟುಕ್ ಟುಕ್. ಹೊಲಿಯುವಾಗ ಬೆರಳಿಗೆ ತೊಡುವ ಲೋಹದ ಟೊಪ್ಪಿಗೆಯಿಂದ ಅವಳು ತಗಡು ಕುಟ್ಟುತ್ತ ಉಳಿದರ್ಧವನ್ನು ಮುಗಿಸಿದಳು. ಬಾಗಿಲ ಈಚೆ ಅವನು ಅತ್ತದ್ದು ಅವಳಿಗೆ ಗೊತ್ತಿಲ್ಲ.

ಅಂದಿನಿಂದ ಅವರ ಫೋನಿನ ಮಾತು ಅದೇ. ಅವನು ಸಾಲಿನರ್ಧ ಹೇಳುವುದು, ಅವಳು ಉಳಿದದ್ದನ್ನು ಕುಟ್ಟುವುದು. ಮನೆಯ ಸುದ್ದಿಗೆ ಹಡಗಿನ ಅಂಚೆ ಇತ್ತು; ನಲ್ಲಿ ಕೆಟ್ಟದ್ದು, ನೆರೆಯವರ ಬೆಕ್ಕು ಮರಿ ಹಾಕಿದ್ದು ಎಲ್ಲ ಅದರಲ್ಲಿ ಬರುತ್ತಿತ್ತು. ಇದು ಸುದ್ದಿಯಲ್ಲ. ಅವಳಿಗೆ ಮುನಿಸಿದ್ದರೆ ಅವನ ಅರ್ಧ ಮುಗಿಯುವ ಮೊದಲೇ ಟಕಟಕ ಎಂದು ಮೇಲೆ ಬೀಳುವಳು. ನೆನಪು ಕಾಡುತ್ತಿದ್ದರೆ ಕೊನೆಯ ಪೆಟ್ಟನ್ನು ತಡೆದು ತಡೆದು, ಇನ್ನೇನು ಕುಟ್ಟುವುದೇ ಇಲ್ಲವೇನೋ ಎನ್ನಿಸಿ, ಆಮೇಲೆ ಮೆಲ್ಲಗೆ ಇಡುವಳು. ಅವನು ಕಣ್ಣು ಮುಚ್ಚಿ ಕೇಳುವನು, ಬೆಳಿಗ್ಗೆ ಕಪಾಟಿನ ಮುಂದೆ ನಿಂತ ಹಾಗೆಯೇ.

ಹೋದ ಸಲ ಕೊನೆಯ ಪದ್ಯದ ಕೊನೆಯ ಸಾಲಿನ ನಡುವೆ ಫೋನು ಕಡಿದುಹೋಯಿತು. ಮೂರು ಪೆಟ್ಟು ಬಂದಿತ್ತು, ಇನ್ನೂ ನಾಲ್ಕು ಬರಬೇಕಿತ್ತು. ಬೇಕೆಂದೇ ತಡೆದು ನಿಂತಿದ್ದಳೋ, ಸಂಪರ್ಕವೇ ಹೋಯಿತೋ ಅವನಿಗೆ ಗೊತ್ತಾಗಲಿಲ್ಲ. ಅಂದಿನಿಂದ ಆ ಮೂರು ಪೆಟ್ಟು ಅವನ ಎದೆಯಲ್ಲಿ ಒಂಟಿಕಾಲಲ್ಲಿ ನಿಂತಿದ್ದವು. ಅವನ್ನು ಕೂರಿಸದೆ ಮೌನದೊಳಕ್ಕೆ ಹೋಗುವುದು ಅವನಿಂದಾಗದು.

ಪಾಳಿ ಮುಗಿದದ್ದೇ ಕಿವಿಯ ಮುಚ್ಚಳ ಕಿತ್ತು ಅವನು ಮೇಲಕ್ಕೆ ಬಂದ. ರೇಡಿಯೋ ಕೋಣೆಯ ಮುಂದೆ ಜನ ಕಿಕ್ಕಿರಿದಿದ್ದರು. ಕೊನೆಯ ದಿನವಲ್ಲವೆ? ಬಾಗಿಲ ಮೊಳೆಯಲ್ಲಿ ಈಗ ಉಗ್ರಾಣದವನ ಬಿಲ್ಲೆ. ಪುರಾಣ ಯಾರ ಮುಖವನ್ನೂ ನೋಡಲಿಲ್ಲ. ಸೀದಾ ಬಾಲದ ಮೊಳೆಗೆ ಹೋಗಿ ತನ್ನ ಬಿಲ್ಲೆ ತೆಗೆದ. ಬಾಗಿಲ ಮೊಳೆಗೆ ಬಂದು, ಉಗ್ರಾಣದವನ ಬಿಲ್ಲೆ ಮುಟ್ಟದೆ, ಅದರ ಮೇಲೆಯೇ ತನ್ನದನ್ನು ತೂಗುಹಾಕಿದ.

"ಇದೇನೋ ಹೊಸ ಶಾಸ್ತ್ರ!" ಎಂದ ಉಗ್ರಾಣದವನು.

"ನೀನು ನಿನ್ನದನ್ನ ತೆಗೀತೀಯೋ, ನಾನು ಇಲ್ಲೇ ನಿಂತಿರಲೋ?"

ಸೌಟು ಹಿಡಿದುಕೊಂಡೇ ಬಂದಿದ್ದ ಅಡುಗೆಯವನು ಗುಂಪನ್ನು ಸರಿಸಿ ಮುಂದೆ ಬಂದ. ಹಡಗಿಗೆಲ್ಲ ಅವನು ದೊಡ್ಡಪ್ಪ. "ಏನ್ರಪ್ಪಾ, ಪುರಾಣನ ಬಿಲ್ಲೆ ಮುಟ್ಟಿದ್ದು ನಿಜವಾ? ಮುಟ್ಟಿದ ಕೈ ಯಾವುದು ಹೇಳಿ. ಆ ಕೈಗೆ ನಾನು ಸಾರು ಬಡಿಸಲ್ಲ."

"ಆ ಕೈಗೆ ಸಾರು ಕ್ಯಾಬಿನ್ನಿಗೇ ಹೋಗತ್ತೆ ದೊಡ್ಡಪ್ಪ," ಎಂದು ಯಾರೋ ಹಿಂದಿನಿಂದ ಹೇಳಿದರು. ಗುಂಪು ಕಿಸಕ್ಕನೆ ನಕ್ಕಿತು, ನಕ್ಕದ್ದು ತಕ್ಷಣ ನಿಂತಿತು. ಉಪನಾಯಕ ಬಂದಿದ್ದ.

ಇಸ್ತ್ರಿ ಮುರಿಯದ ಬಿಳಿ ಅಂಗಿ, ತಂಪಾದ ದನಿ. ಎಂದೂ ರೇಗಿದವನಲ್ಲ ಎಂದು ಹೆಸರು. "ಏನಪ್ಪಾ ಇದು? ನಾನೇ ಯೋಚನೆ ಮಾಡಿ ಹಾಕಿದ್ದು. ಇವತ್ತು ಎಲ್ಲರಿಗೂ ಸಮಯ ಸಿಗಲ್ಲ. ಯಾರಿಗೆ ನಿಜವಾಗಿ ಉಪಯೋಗ ಇದೆಯೋ ಅವರಿಗೆ ಮೊದಲು. ನಿನ್ನ ಮನೆಯಾಕೆಗೆ ಕೇಳಿಸಲ್ಲ ಅಂತ ನನಗೆ ಗೊತ್ತಿದೆ. ಪಾಪ, ನನಗೂ ಬೇಸರವೇ."

ಆ 'ಪಾಪ' ಪುರಾಣನ ಕೊರಳಪಟ್ಟಿ ಹಿಡಿದ ಹಾಗಾಯಿತು. "ಯಾರು ಹೇಳಿದ್ದು ಸಾರ್ ಕೇಳಿಸಲ್ಲ ಅಂತ?"

ಉಪನಾಯಕ ರೇಡಿಯೋದವನ ಕಡೆ ನೋಡಿದ. ಹಡಗು ಎಲ್ಲಿದೆ ಎಂಬುದನ್ನು ಯಾರೂ ಬಾಯಿತಪ್ಪಿ ಹೇಳದಿರಲಿ ಎಂದು ಎಲ್ಲರ ಮಾತನ್ನೂ ಅವನು ಕೇಳಿಸಿಕೊಳ್ಳಬೇಕಿತ್ತು. ಕೇಳಿದ್ದನ್ನು ಹೊರಗೆ ಆಡಬಾರದಿತ್ತು. ಅವನು ತನ್ನ ಬೂಟಿನ ತುದಿ ನೋಡಿಕೊಂಡ.

"ಆ ಕಡೆಯಿಂದ ಒಂದು ಮಾತೂ ಇಲ್ಲವಂತಲ್ಲಪ್ಪ. ಬರೀ ಟಕಟಕ ಅಂತೆ. ಏನದು, ಗುಟ್ಟಿನ ಸಂಕೇತವಾ? ಅದು ಬೇರೆ ವಿಚಾರಣೆ ಆಗತ್ತೆ ಮತ್ತೆ."

"ಅದು ನನ್ನ ಹೆಂಡ್ತಿ ಸಾರ್."

ಯಾರೂ ನಗಲಿಲ್ಲ. ಪುರಾಣ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವರು ಕೇಳಿದ್ದೇ ಇಲ್ಲ. ಅವನಿಗೂ ಅದು ಹೊಸತು. ಒಮ್ಮೆ ಹೊರಟಮೇಲೆ ನಿಲ್ಲಿಸುವ ಬಗೆ ತಿಳಿಯಲಿಲ್ಲ.

"ನೀವು ದಿನಾ ಬೆಳಿಗ್ಗೆ ಮೇಲಟ್ಟದಲ್ಲಿ ನಿಂತು ಪ್ರಾರ್ಥನೆ ಮಾಡ್ತೀರಿ, ನಾನು ನೋಡಿದ್ದೀನಿ. ದೇವರು ತಿರುಗಿ ಏನಾದ್ರೂ ಅಂದಿದ್ದಾನಾ ಸಾರ್? ಒಂದು ಟುಕ್ ಆದ್ರೂ? ಆದ್ರೂ ಬಿಟ್ಟಿದ್ದೀರಾ ನೀವು? ಉಪಯೋಗ ಇಲ್ಲ, ಬೇರೆಯೋರಿಗೆ ಸರದಿ ಕೊಡಿ ಅಂತ ಯಾರಾದ್ರೂ ನಿಮ್ಮ ಭುಜ ಹಿಡಿದು ಪಕ್ಕಕ್ಕೆ ಸರಿಸಿದ್ದಾರಾ? ನಾನು ಹೇಳಿದರೆ ಅವಳು ಮರುಮಾತು ಕೊಡ್ತಾಳೆ. ತಗಡಿನ ಮೇಲೆ ಅಂಗೈ ಇಟ್ಟುಕೊಂಡು ಕಾಯ್ತಿರ್ತಾಳೆ. ಈಗಲೂ ಕಾಯ್ತಿದ್ದಾಳೆ. ಇವರೆಲ್ಲ ಆ ಗೂಡಿನಲ್ಲಿ ಏನು ಮಾತಾಡ್ತಾರೆ ಅಂತ ಇಡೀ ಹಡಗಿಗೆ ಗೊತ್ತು. 'ಎಷ್ಟು ಸಲ ಹೇಳ್ಬೇಕು', 'ನಿನ್ನ ತಮ್ಮನಿಗೆ ಹೇಳು', 'ಹಸಿರಾದ್ರೆ ಕಾಲಿಡಲ್ಲ'. ಇದಕ್ಕೆಲ್ಲ ಉಪಯೋಗ ಇದೆ, ನನ್ನದಕ್ಕೆ ಇಲ್ಲ!"

"ನನ್ನ ವಿಷಯ ಯಾಕೋ ಮಧ್ಯೆ," ಎಂದು ಉಗ್ರಾಣದವನು ಗೊಣಗಿದ. ಕಿವಿಯ ತುದಿ ಕೆಂಪಾಗಿತ್ತು. ಆದರೂ ಪುರಾಣನ ಬಿಲ್ಲೆಗೆ ಸೋಕದ ಹಾಗೆ ಎರಡು ಬೆರಳಲ್ಲಿ ತನ್ನದನ್ನು ಅಡಿಯಿಂದ ಜಾರಿಸಿ ತೆಗೆದು, ಎರಡನೆಯ ಮೊಳೆಯಲ್ಲಿದ್ದದ್ದರ ಮೇಲೆ ಹಾಕಿಕೊಂಡ.

"ಸಿಟ್ಟು ಬೇಡ," ಎಂದ ಉಪನಾಯಕ ಅದೇ ತಂಪಿನಲ್ಲಿ. "ಅವನಿಗೂ ಅವಕಾಶ ಸಿಗಲಿ ಅಂತ ತಾನೆ ನಾನು ಹೇಳಿದ್ದು."

"ಸಿಗಲಿ ಸಾರ್. ನಿಮ್ಮದು ಕೊಡಿ. ನಿಮ್ಮ ಕ್ಯಾಬಿನ್ನಿನಲ್ಲಿ ಫೋನಿದೆ, ಬಾಗಿಲಲ್ಲಿ ಒಂದು ಮೊಳೆಯೂ ಇಲ್ಲ."

ದೊಡ್ಡಪ್ಪ ಸೌಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಚಾವಣಿ ನೋಡತೊಡಗಿದ. ಗೂಡಿನೊಳಗಿದ್ದವನು ಮಾತು ಮುಗಿಸಿ ಹೊರಬಂದ; ಪುರಾಣ ಒಳಗೆ ಹೋದ.

ಗೂಡೆಂದರೆ ಒಬ್ಬ ಕೂತರೆ ಮೊಣಕಾಲು ಗೋಡೆಗೆ ತಾಗುವಷ್ಟು ಜಾಗ. ಹಿಂದಿನವನ ಬೆವರಿನಿಂದ ಫೋನು ಒದ್ದೆಯಾಗಿತ್ತು. ಒರೆಸಿ ಸಂಖ್ಯೆ ಒತ್ತಿದ. ರಿಂಗ್ ಹೋಯಿತು, ಹೋಯಿತು. ಆ ಕಡೆ ಫೋನಿನ ದೀಪ ಮಿನುಗುತ್ತಿರಬೇಕು, ಅವಳು ಸೂಜಿ ಚುಚ್ಚಿಟ್ಟು ಏಳುತ್ತಿರಬೇಕು, ಗುಂಡಿಗಳನ್ನು ಸುರಿಯುತ್ತಿರಬೇಕು. ಠಣ್ ಎಂದಿತು. ತಗಡಿಗೆ ಫೋನು ತಾಗಿದ ಸದ್ದು. ಆಮೇಲೆ ಉಸಿರೂ ಇಲ್ಲದ ಒಂದು ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಒಂದು ಅಂಗೈ ಬಂದು ಕೂತದ್ದು ಅವನಿಗೆ ಗೊತ್ತಾಯಿತು.

ಅವನು ಬಾಯಿ ತೆರೆಯುವ ಮೊದಲೇ ಅವಳೇ ಶುರುಮಾಡಿದಳು. ಟುಕ್ ಟುಕ್ ಟುಕ್.

ಅಲ್ಲಿಗೆ ನಿಲ್ಲಿಸಿದಳು. ಹೋದ ಸಲ ನಿಂತ ಕಡೆಯಿಂದಲೇ. ಉಳಿದ ನಾಲ್ಕನ್ನು ಕುಟ್ಟಲಿಲ್ಲ. ಈ ಸಲ ಅವಳು ಅರ್ಧ ಹಿಡಿದು ಕಾಯುತ್ತಿದ್ದಳು, ಅವನು ಮುಗಿಸಲಿ ಎಂದು. ಅವನು ಫೋನನ್ನು ತುಟಿಗೆ ತಂದ.

ಹಿಂದೆ ಬಾಗಿಲು ಕಿರ್ ಎಂದಿತು. ಉಪನಾಯಕ ತಲೆ ಒಳಕ್ಕಿಟ್ಟಿದ್ದ. ಅವನ ಹಿಂದೆ ಉಗ್ರಾಣದವನ ಮುಖ, ಅದರಲ್ಲಿ ಆಸೆ.

"ನೋಡಪ್ಪ, ಸಂಪರ್ಕ ಬೇಗ ಮುಚ್ಚುತ್ತಂತೆ, ಈಗ ತಾನೇ ಆದೇಶ ಬಂತು. ಇನ್ನೊಬ್ಬರಿಗೆ ಸಾಲಲ್ಲ. ಆಕೆ ಫೋನ್ ಎತ್ತಿದಳಲ್ಲ, ಚೆನ್ನಾಗಿದ್ದಾಳೆ ಅಂತ ಗೊತ್ತಾಯ್ತಲ್ಲ? ಇದು ನನ್ನ ಅಪ್ಪಣೆ ಅಲ್ಲ, ಕೇಳಿಕೊಳ್ತಾ ಇದ್ದೀನಿ. ದೊಡ್ಡ ಮನಸ್ಸು ಮಾಡಿ ಉಳಿದದ್ದನ್ನ ಇವನಿಗೆ ಬಿಟ್ಟುಕೊಡು."

ಪುರಾಣ ಫೋನಿಗೆ ಕೈ ಮುಚ್ಚಲಿಲ್ಲ. ತುಟಿಯ ಹತ್ತಿರ ಹಾಗೆಯೇ ಹಿಡಿದಿದ್ದ. ಏನೇ ಹೇಳಿದರೂ ಅದು ಸಮುದ್ರ ದಾಟಿ ಆ ತಗಡಿನ ಮೇಲೆ, ಆ ಅಂಗೈಯ ಕೆಳಗೆ ಬಂದು ತಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ತಟ್ಟಲಿ, ಇದೂ ಅವಳಿಗೆ ತಿಳಿಯಲಿ ಎಂದುಕೊಂಡ.

"ಇಲ್ಲ ಸಾರ್," ಎಂದ. "ಕೊಡಲ್ಲ."